ಗೀಜಗನ ಬಾಯಲ್ಲಿದ್ದ ಎಳೆ

ಕಥೆ ಬರೆದು, ತಾನೇ ಅಚ್ಚು ಹಾಕಿಸಿ, ತಾನೇ ಹೆಗಲ ಮೇಲೆ ಹೊತ್ತು ಮಾರುವವನು ಕೊಟ್ರಪ್ಪ. ಅವನು ಬಾಯಿಬಿಟ್ಟು ಕಥೆ ಹೇಳಿದರೆ ಒಲೆಯ ಮೇಲಿನ ಚಹಾ ಕುದಿಯುವುದನ್ನೇ ಮರೆಯುತ್ತಿತ್ತು, ನಂಬಿ! ಆದರೆ ಬೆಳಿಗ್ಗೆ ಹೊಳೆದದ್ದನ್ನೆಲ್ಲ ಚಹಾದಂಗಡಿಯಲ್ಲಿ ಹೇಳಿ ಮುಗಿಸಿ, ಮನೆಗೆ ಬಂದು ಬರೆಯಲು ಕೂತರೆ ಒಂದು ಸಾಲೂ ಮೇಲೇಳುತ್ತಿರಲಿಲ್ಲ. ಹೀಗೆ ಎಷ್ಟೋ ಕಥೆಗಳು ಹಾಳಾದವು. ಒಂದು ಬೆಳಿಗ್ಗೆ, ತೀರಿಹೋದ ಹೆಂಡತಿ ಹಾಲವ್ವನ ಕಥೆಯೇ ಹೊಳೆಯಿತು. ಅದನ್ನೂ ಹೇಳಲು ಅಂಗಡಿಗೆ ಹೊರಟ.

ದಾರಿಯ ಜಾಲಿ ಮರದಲ್ಲಿ ಗೀಜಗವೊಂದು ಗೂಡು ಹೆಣೆಯುತ್ತಿತ್ತು. ಎಮ್ಮೆ ಕಟ್ಟಿ ತೂಗಿದರೂ ಹರಿಯದಂಥ ಗೂಡು!

"ಏನಪ್ಪಾ ಗೀಜಗ, ಈ ಕೆಲಸ ಎಲ್ಲಿ ಕಲಿತೆ?" ಅಂದ. ಗೀಜಗ ಹೆಣೆಯುತ್ತಲೇ ಇತ್ತು.

"ಕಿವುಡೋ, ಗರ್ವವೋ?"

ಗಂಟು ಬಿಗಿದ ಮೇಲೆ ಗೀಜಗ ಹೇಳಿತು: "ತಪ್ಪು ತಿಳಿಯಬೇಡಿ ಯಜಮಾನರೇ, ಬಾಯಲ್ಲಿ ಹಸಿ ಹುಲ್ಲಿನ ಎಳೆಯಿತ್ತು. ಮಾತಾಡಿದರೆ ಬಿದ್ದುಹೋಗುತ್ತದೆ. ಬಿದ್ದು ಒಣಗಿದ್ದು ಮತ್ತೆ ಗಂಟಿಗೆ ಬಾಗುವುದಿಲ್ಲ."

ಮಾತಾಡಿದ ಹಕ್ಕಿಗಳ ಎಳೆಗಳು ಮರದ ಕೆಳಗೆ ರಾಶಿ ಬಿದ್ದಿದ್ದವು. ಕೊಟ್ರಪ್ಪ ಒಂದನ್ನೆತ್ತಿ ಬಗ್ಗಿಸಿದ. ಪಟ್ಟನೆ ಮುರಿಯಿತು. ಅಲ್ಲಿಂದಲೇ ಮನೆಗೆ ತಿರುಗಿದ.

ಬಿಸಿಲೇರಿದಾಗ ಚಹಾದಂಗಡಿಯ ಮಹಾಂತಪ್ಪ ಬಾಗಿಲಿಗೇ ಬಂದ. "ಕೊಟ್ರಪ್ಪಣ್ಣ, ಎಲ್ಲರೂ ಕಾಯ್ತಾ ಇದ್ದಾರೆ. ಇವತ್ತಿನ ಕಥೆ ಏನಣ್ಣ?"

ಕೊಟ್ರಪ್ಪ ಬರೆಯುತ್ತಲೇ ಇದ್ದ.

"ಗರ್ವ ಬಂತು ನಿನಗೆ!" ಎಂದು ಮಹಾಂತಪ್ಪ ಮುನಿಸಿಕೊಂಡು ಹೋದ.

ಗರ್ವವಲ್ಲ. ಕೊಟ್ರಪ್ಪನ ಬಾಯಲ್ಲಿ ಎಳೆಯಿತ್ತು.