ಕವಣೆಯಂತ್ರದ ಬೆಲೆ

ಹೊಳೆಯ ದಂಡೆಯಲ್ಲಿ ಕೇತೋಜರೆಂಬ ಗುರುಗಳಿದ್ದರು. ಕೋಟೆ ಕಾಯುವ ಯಂತ್ರಗಳನ್ನು ಕಟ್ಟುವುದು ಅವರ ವಿದ್ಯೆ. ಸಿಂಗಣ ಅವರ ಶಿಷ್ಯ.

ಮಳೆಗಾಲ ಕಳೆದೊಡನೆ ಹಗೆಯ ದಂಡು ಆಚೆ ದಡದಲ್ಲಿ ಬಂದಿಳಿಯುತ್ತದೆಂದು ಸುದ್ದಿ ಬಂತು. ಹೊಳೆ ದಾಟಿ ಕಲ್ಲು ಬೀಳುವಂಥ ದೊಡ್ಡ ಕವಣೆಯಂತ್ರ ಬೇಕೆಂದು ಈಚೆ ದಡದ ಕೋಟೆಯ ನಾಯಕ ಹೇಳಿಕಳಿಸಿದ. ಅಂಥದ್ದನ್ನು ಆ ಸೀಮೆಯಲ್ಲಿ ಯಾರೂ ಕಟ್ಟಿರಲಿಲ್ಲ.

ಸಿಂಗಣ ಮರ, ಕಬ್ಬಿಣ, ಹಗ್ಗ, ಕೂಲಿ ಎಲ್ಲದರ ಖರ್ಚನ್ನೂ ಕೂಡಿಸಿದ.

"ಮುನ್ನೂರು ಹೊನ್ನು ಸಾಕು, ಗುರುಗಳೇ."

"ಮೊದಲು ಚಿಕ್ಕದೊಂದನ್ನು ಕಟ್ಟಿ ನೋಡು."

ಕಟ್ಟಿದ. ಮೊದಲ ಎಸೆತಕ್ಕೇ ಕಲ್ಲೆಸೆಯುವ ತೋಳುಮರ ಲಟಕ್ಕೆಂದು ಮುರಿಯಿತು. ಗಟ್ಟಿ ಮರ ಹಾಕಿದ, ಅದು ತಿರುಗುವ ಅಚ್ಚು ಸೀಳಿತು. ಅಚ್ಚಿಗೆ ಕಬ್ಬಿಣದ ಪಟ್ಟಿ ಬಿಗಿದರೆ ಕಲ್ಲು ಅವನ ಕಾಲಬುಡದಲ್ಲೇ ಬಿತ್ತು. ಕೊನೆಗೊಮ್ಮೆ ಸರಿಯಾಗಿ ಹಾರುವ ಹೊತ್ತಿಗೆ ಸಿಂಗಣ ಸೋತು ಸುಣ್ಣವಾಗಿದ್ದ.

"ಗೆದ್ದ ಯಂತ್ರಕ್ಕೆ ಮಾತ್ರ ಲೆಕ್ಕ ಹಾಕಿದ್ದೀಯ," ಎಂದರು ಗುರುಗಳು. "ಸೋತವಕ್ಕೂ ಹಾಕು."

"ಎಷ್ಟು ಸಲ ಸೋಲುತ್ತೇನೆಂದು ಮೊದಲೇ ಹೇಗೆ ಹೇಳಲಿ?"

"ಇಲ್ಲಿ ಸೋತದ್ದನ್ನು ನೋಡಿದೆಯಲ್ಲ. ದೊಡ್ಡದರಲ್ಲಿ ಇದಕ್ಕಿಂತ ಕಡಿಮೆ ಸೋಲುತ್ತೇನೆಂಬ ಧೈರ್ಯ ಇದೆಯೆ?"

ಮತ್ತೆ ಕೂಡಿಸಿದಾಗ ಸಾವಿರ ಹೊನ್ನಾಯಿತು.

ಸಿಂಗಣ ಕೋಟೆಗೆ ಹೋಗಿ ಲೆಕ್ಕ ಒಪ್ಪಿಸಿದಾಗ ನಾಯಕ ಹುಬ್ಬು ಗಂಟಿಕ್ಕಿದ. "ಐನೂರು ಅನ್ನು, ನಾಳೆಯೇ ಶುರುಮಾಡು. ಇಲ್ಲವಾದರೆ ಯಂತ್ರವೇ ಬೇಡ."

ಸಿಂಗಣನ ತಾಯಿ, ಅಕ್ಕ, ಅಕ್ಕನ ಕೂಸು ಆ ಕೋಟೆಯೊಳಗೇ ಇದ್ದರು. ಮರಳುವ ದಾರಿಯುದ್ದಕ್ಕೂ ಅವನಿಗೆ ಅದೇ ಯೋಚನೆ.

"ಗುರುಗಳೇ, ಐನೂರಕ್ಕೆ ಒಪ್ಪಿಕೊಂಡುಬಿಡಲೆ? ಅರ್ಧ ಕಟ್ಟಿದ ಮೇಲೆ ಕೈಬಿಡಲು ಮನಸ್ಸು ಬಾರದೆ ಉಳಿದದ್ದನ್ನು ಕೊಟ್ಟೇ ಕೊಡುತ್ತಾರೆ."

"ಕೊಡದಿದ್ದರೆ?"

ಗುರುಗಳು ಚಿಕ್ಕ ಯಂತ್ರದತ್ತ ಕೈ ತೋರಿದರು.

"ಐನೂರಕ್ಕೆ ಎಷ್ಟಾಗುತ್ತದೋ, ಈ ಚಿಕ್ಕದರಲ್ಲಿ ಅಷ್ಟನ್ನೇ ಉಳಿಸು."

ಸಿಂಗಣ ಹಗ್ಗ ಬಿಚ್ಚಿದ, ತೋಳುಮರ ಇಳಿಸಿದ. ಚೌಕಟ್ಟು, ಅಚ್ಚು ಉಳಿದವು.

ಗುರುಗಳು ಅದರ ಪಕ್ಕ ಬಂದು ನಿಂತರು. "ಹಗೆ ಆಚೆ ದಡದಲ್ಲಿದ್ದಾನೆ. ಎಸೆ."

"ಯಾವುದರಿಂದ ಎಸೆಯಲಿ? ತೋಳೇ ಇಲ್ಲವಲ್ಲ!"

"ನಿನ್ನ ತಾಯಿ ಕೋಟೆಯ ಗೋಡೆಯ ಮೇಲಿಂದ ನೋಡುತ್ತಿದ್ದಾಳೆ. ಎಸೆ."

ಸಿಂಗಣನ ಕಣ್ಣು ತುಂಬಿ ಬಂತು. ಹೊಳೆಯಲ್ಲಿ ಮುಖ ತೊಳೆದುಕೊಂಡು ನೆಟ್ಟಗೆ ಕೋಟೆಗೆ ನಡೆದ.

"ಸಾವಿರವೇ, ಒಡೆಯರೇ. ಹೆಚ್ಚಾದರೂ ಆದೀತು, ಕಡಿಮೆಯಂತೂ ಆಗದು. ಐನೂರೇ ಇದ್ದರೆ ಅದರಲ್ಲಿ ಗೋಡೆ ಎತ್ತರಿಸಿ. ನಾನು ಅರ್ಧ ಯಂತ್ರ ಕಟ್ಟಲಾರೆ."

"ಬೇರೆಯವರು ಕಟ್ಟುತ್ತಾರೆ!"

"ಕಟ್ಟಿಸಿ. ನಮ್ಮವರು ಒಳಗಿದ್ದಾರೆ, ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ."

ಸಿಂಗಣ ಕೈಮುಗಿದು ಹೊರಟ. ಆಡಿದ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ.

ಕೆಲವು ದಿನಗಳಲ್ಲಿ ನಾಯಕ ತಾನೇ ಹೊಳೆದಂಡೆಗೆ ಬಂದ. ಹೊಸ ಅರಮನೆಗೆಂದು ಕೂಡಿಟ್ಟ ಹಣದ ಪೆಟ್ಟಿಗೆಯನ್ನು ಆಳುಗಳು ಹೊತ್ತು ತಂದಿದ್ದರು.

"ಸಾವಿರವನ್ನೂ ತಂದಿದ್ದೇನೆ, ಗುರುಗಳೇ. ಆದರೂ ಕೊನೆಯದಾಗಿ ಕೇಳುತ್ತೇನೆ. ನಿಮ್ಮ ಶಿಷ್ಯ ಮಹಾ ಹಟಮಾರಿ. ನಿಮ್ಮ ಮಾತನ್ನು ಮಾತ್ರ ಮೀರುವವನಲ್ಲ. ಐನೂರಕ್ಕೇ ಮುಗಿಸು ಎಂದು ನೀವೊಂದು ಮಾತು ಹೇಳಬಾರದೆ?"

ಸಿಂಗಣ ಗುರುಗಳತ್ತ ನೋಡಿದ.

ಗುರುಗಳು ನಕ್ಕರು.

"ಅವನಿಗೆ ಹೇಳಬಹುದು, ಒಡೆಯರೇ. ಹೊಳೆ ದಾಟು ಎಂದು ಕಲ್ಲಿಗೆ ಹೇಳುವವರು ಯಾರು?"