ದುಗ್ಗಪ್ಪನ ಜೈಕಾರ

ಕಾಡಿನ ಅಂಚಿನಲ್ಲಿ ಒಂದು ಕೆರೆ ಇತ್ತು, ಮಕ್ಕಳೇ. ಆ ಕೆರೆಗೆ ಯಜಮಾನ ಒಬ್ಬ ಮುದಿ ಆಮೆ. ಕಾವಲಿಗೆ ಏಡಿಗಳಿದ್ದರು. ಹಾವು ಬರಲಿ, ನೀರುನಾಯಿ ಬರಲಿ, ಇಕ್ಕಳದಂಥ ಕೈ ಎತ್ತಿ ಮೊದಲು ನಿಲ್ಲುವವರು ಅವರೇ.

ಅದೇ ಕೆರೆಯಲ್ಲಿ ದುಗ್ಗಪ್ಪನೆಂಬ ಕಪ್ಪೆಯೂ ಇದ್ದ. ಅವನಿಗೆ ಕೆಲಸವಿರಲಿಲ್ಲ, ಗಂಟಲಿತ್ತು. ಏಡಿಗಳೆಂದರೆ ಅವನಿಗೆ ಪ್ರಾಣ. ಅವರು ಹಾದುಹೋದರೆ ಸಾಕು, ತಾವರೆ ಎಲೆಯ ಮೇಲೆ ನಿಂತು ಜೈಕಾರ ಹಾಕುತ್ತಿದ್ದ. ಕೆರೆಗೆ ಇದಕ್ಕಿಂತ ದೊಡ್ಡ ಸೇವೆ ಯಾರೂ ಮಾಡಿಲ್ಲ ಎಂದು ಅವನ ನಂಬಿಕೆ. ಬೇರೆ ಯಾರೂ ಹಾಗೆ ಹೇಳದಿದ್ದುದರಿಂದ ತಾನೇ ಆಗಾಗ ಹೇಳಿಕೊಳ್ಳುತ್ತಿದ್ದ.

ಒಂದು ಬೇಸಗೆಯಲ್ಲಿ ಆಮೆಯ ಕಣ್ಣು ಪಕ್ಕದ ಕೆರೆಯ ನಡುವಿದ್ದ ಚಪ್ಪಟೆ ಬಂಡೆಯ ಮೇಲೆ ಬಿತ್ತು. ಬೆನ್ನು ಕಾಯಿಸಿಕೊಳ್ಳಲು ಹೇಳಿ ಮಾಡಿಸಿದಂಥ ಜಾಗ. ಹಾಗೆಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಆ ಕೆರೆಯವರು ನಮ್ಮನ್ನು ಕೀಳಾಗಿ ಕಾಣುತ್ತಾರೆ, ಯುದ್ಧ ಮಾಡಿ ಬುದ್ಧಿ ಕಲಿಸಬೇಕು ಎಂದು ಸಭೆಯಲ್ಲಿ ಸಾರಿದ.

ದುಗ್ಗಪ್ಪ ಕೂಗಿದ್ದೇ ಕೂಗಿದ್ದು. ಏಡಿ ಭರಮನ ತಾಯಿ ಈರವ್ವ ಮಾತ್ರ ಎದ್ದು, ಕೀಳಾಗಿ ಕಂಡವರು ಯಾರು, ಯಾವಾಗ ಎಂದು ಕೇಳಿದಳು.

ದುಗ್ಗಪ್ಪನಿಗೆ ಸಿಟ್ಟು ಬಂತು. "ಏನವ್ವಾ, ಏಡಿಗಳು ಹೊರಟು ನಿಂತಾಗ ಕೇಳುವ ಮಾತೇ ಇದು? ನಿನಗೆ ಅವರ ಮೇಲೆ ಪ್ರೀತಿ ಇಲ್ಲವೇ?"

"ಹೊರಟವನು ನನ್ನ ಮಗ," ಎಂದಳು ಈರವ್ವ.

ದುಗ್ಗಪ್ಪ ಆ ಮಾತು ಮುಚ್ಚಿಹೋಗುವಂತೆ ಇನ್ನಷ್ಟು ಜೋರಾಗಿ ಕೂಗಿದ. ಉಳಿದ ಕಪ್ಪೆಗಳೂ ದನಿಗೂಡಿಸಿದವು. ಅಂದಿನಿಂದ ಈರವ್ವನ ಜೊತೆ ಯಾರೂ ಮಾತಾಡಲಿಲ್ಲ. ಅವಳು ಹೋಗಿ ಏಡಿಗಳ ದಾರಿಗೆಂದು ಬುತ್ತಿ ಕಟ್ಟಿದಳು.

ಯುದ್ಧ ಬೇಗ ಮುಗಿಯಿತು. ಬಂಡೆ ಸಿಗಲಿಲ್ಲ. ಕೆಲವು ಏಡಿಗಳು ಬರಲೇ ಇಲ್ಲ. ಬಂದವರಲ್ಲಿ ಹಲವರಿಗೆ ಕೈ ಮುರಿದಿತ್ತು. ಹೊಸ ಕೈ ಚಿಗುರಲು ಏಡಿ ಚಿಪ್ಪು ಕಳಚಬೇಕು, ಆಗ ಮೈ ಮೆತ್ತಗಾಗುತ್ತದೆ, ಅಡಗಿ ಕೂರಲು ಭದ್ರವಾದ ಸಂದು ಬೇಕಾಗುತ್ತದೆ. ದುಗ್ಗಪ್ಪ ಮನೆ ಮಾಡಿಕೊಂಡಿದ್ದ ಕಲ್ಲಿನ ಕೆಳಗೆ ಅಂಥ ಜಾಗವಿತ್ತು. ಭರಮ ಬಂದು, ಇಬ್ಬರು ಗೆಳೆಯರಿಗೆ ಅಲ್ಲಿ ಇರಲು ಆದೀತೇ ಎಂದು ಕೇಳಿದ.

ದುಗ್ಗಪ್ಪ ಮೊದಲು ಜೈಕಾರ ಹಾಕಿದ. ಆಮೇಲೆ ಜಾಗ ಇಕ್ಕಟ್ಟು, ತನಗೆ ಶೀತದ ಮೈ, ನೋಡೋಣ ಎಂದು ರಾಗ ಎಳೆದ. ನಾಳೆ ಆಮೆ ಮತ್ತೆ ದಂಡು ಕಳಿಸುತ್ತಾನಂತೆ, ಈ ಸಲ ಗೆದ್ದೇ ಗೆಲ್ಲುತ್ತೀರಿ ಎಂದು ಬೆನ್ನು ತಟ್ಟಲು ಹೋದ. ಭರಮ ನೋವಿಗೆ ಹಿಂದೆ ಸರಿದ.

"ದುಗ್ಗಪ್ಪಣ್ಣ," ಎಂದ ಭರಮ, "ಹೋಗು ಅಂದರೆ ಹೋಗುವುದು ನಮ್ಮ ಕೆಲಸ. ಇವರನ್ನು ಕಳಿಸಲೇಬೇಕೇ ಎಂದು ಕೇಳುವುದು ಮನೆಯಲ್ಲಿ ಉಳಿದವರ ಕೆಲಸ. ನಮ್ಮವ್ವ ಒಬ್ಬಳೇ ಕೇಳಿದಳು. ನೀನು ಅವಳ ಬಾಯಿ ಮುಚ್ಚಿಸಿದೆ."

ಇಷ್ಟು ಹೇಳಿ ಅವನು ಹೊರಟ. ದುಗ್ಗಪ್ಪ ತನ್ನ ದೊಡ್ಡ ಕಲ್ಲನ್ನು ನೋಡಿದ. ಅದರ ಕೆಳಗೆ ನಾಲ್ಕು ಏಡಿಗಳು ಕಾಲು ಚಾಚಿ ಮಲಗಬಹುದಿತ್ತು. ತನ್ನ ಪ್ರೀತಿ ನಾಲಗೆಯಿಂದ ಕೆಳಗೆ ಇಳಿದೇ ಇಲ್ಲವಲ್ಲ ಎಂದು ಅವನಿಗೆ ನಗುವೂ ಬಂತು, ಹೇಸಿಗೆಯೂ ಆಯಿತು. ಕುಪ್ಪಳಿಸಿಕೊಂಡು ಹೋಗಿ ಏಡಿಗಳನ್ನು ಕರೆತಂದು ತಾನು ಹೊರಗೆ ಮಲಗಿದ.

ಮರುದಿನದ ಸಭೆಯಲ್ಲಿ ಆಮೆ ದಂಡಿನ ಮಾತೆತ್ತಿದ. ಎಲ್ಲರೂ ಜೈಕಾರಕ್ಕಾಗಿ ದುಗ್ಗಪ್ಪನತ್ತ ತಿರುಗಿದರು. ಅವನು ಜೈಕಾರ ಹಾಕುವ ಬದಲು ಕೇಳಿದ, "ಯಜಮಾನರೇ, ಈ ಯುದ್ಧ ಯಾತಕ್ಕೆ?"

"ನಿನಗೂ ಏಡಿಗಳು ಬೇಡವಾದರೇ?" ಎಂದ ಆಮೆ.

"ಬೇಕು. ಅದಕ್ಕೇ ಕೇಳುತ್ತಿದ್ದೇನೆ."

ಒಂದೊಂದಾಗಿ ಬೇರೆ ಕಪ್ಪೆಗಳೂ ಅದನ್ನೇ ಕೇಳಿದವು. ಆಮೆ ಆಕಾಶ ನೋಡಿ, ಹೇಗೂ ಮೋಡ ಕವಿಯುತ್ತಿದೆ, ಇನ್ನು ಆ ಬಂಡೆಯ ಮೇಲೆ ಬಿಸಿಲು ಬೀಳುವುದು ಅಷ್ಟರಲ್ಲೇ ಇದೆ ಎಂದು ಗೊಣಗಿಕೊಂಡು ನೀರಿಗಿಳಿದ. ಯುದ್ಧ ಯಾತಕ್ಕಿತ್ತು ಎಂದು ಆಗ ಎಲ್ಲರಿಗೂ ತಿಳಿಯಿತು.

ದುಗ್ಗಪ್ಪ ಎದೆಯುಬ್ಬಿಸಿಕೊಂಡು ಈರವ್ವನ ಬಳಿ ಹೋದ. ತನ್ನ ಧೈರ್ಯವನ್ನು ವಿವರವಾಗಿ ಹೇಳಿಕೊಳ್ಳಬೇಕೆಂದಿದ್ದ. ಅವಳು ಕೇಳಿಸಿಕೊಳ್ಳಲಿಲ್ಲ. ಬಸವನಹುಳುಗಳ ರಾಶಿ ತೋರಿಸಿ, ಚಿಪ್ಪು ಬಿಡಿಸಿ ಗಾಯಾಳುಗಳಿಗೆ ತಿನ್ನಿಸು ಎಂದಳು. ಬಾಯಿ ಮುಚ್ಚಿಕೊಂಡು ಮಾಡುವ ಕೆಲಸ ಅವನಿಗೆ ಅದೇ ಮೊದಲು. ತುಂಬ ಕೆಟ್ಟದಾಗಿ ಮಾಡಿದ. ಏಡಿಗಳು ಚಿಪ್ಪಿನ ಚೂರು ಉಗುಳುತ್ತಲೇ ತಿಂದರು.

ನೀತಿ: ಸೈನಿಕರನ್ನು ಪ್ರೀತಿಸುವವರು ಪ್ರತಿ ಯುದ್ಧವನ್ನೂ ಹೊಗಳಬೇಕಾಗಿಲ್ಲ, ಅವರನ್ನು ಯಾತಕ್ಕೆ ಕಳಿಸುತ್ತೀರಿ ಎಂದು ಕೇಳುವುದೂ ಅವರ ಪರವಾಗಿ ನಿಲ್ಲುವುದೇ.