ಖಾಲಿ ಗುಡಿಸಲಿನಿಂದ ಬಂದ ಓ

ಬಾಲಮಂದಿರದ ಅಧಿಕಾರಿಯಾಗಿದ್ದ ಶಿಷ್ಯ ಕಾಡಿನ ಜನರ ಹಾಡಿಯೊಂದರಿಂದ ಹೆಣ್ಣು ಮಗುವನ್ನು ಎತ್ತಿ ತಂದಿದ್ದ. ಹಾಡಿಯಲ್ಲಿ ಯಾರ ಒಪ್ಪಿಗೆಯನ್ನೂ ಕೇಳಿರಲಿಲ್ಲ. ಕಾಗದದಲ್ಲಿ ಮಾತ್ರ ರಕ್ಷಣೆ ಎಂದು ಬರೆದಿದ್ದ.

ಅವನು ಗುರುವಿನ ಬಳಿ ಬಂದು ಕೇಳಿದ: "ಗುರುಗಳೇ, ಆ ಹುಡುಗಿ ದಿನವೂ ಹೊತ್ತು ಮುಳುಗುವಾಗ ಕಿಟಕಿಯ ಹತ್ತಿರ ಹೋಗಿ 'ಓ' ಎನ್ನುತ್ತಾಳೆ. ಯಾರೂ ಕರೆದಿರುವುದಿಲ್ಲ. ಇದನ್ನು ಬಿಡಿಸುವುದು ಹೇಗೆ?"

ಗುರು ಹೇಳಿದ:

ಒಂದು ಹಾಡಿ ಇತ್ತು. ಅಲ್ಲಿ ಒಂಬತ್ತು ಮನೆ. ಕೇತಿ ಎಂಬ ಏಳು ವರ್ಷದ ಹುಡುಗಿಯ ತಾಯಿ ಸತ್ತಳು. ತಾಯಿಯ ಗುಡಿಸಲು ಖಾಲಿ ಬಿತ್ತು. ಅಂದಿನಿಂದ ಹುಡುಗಿ ಒಂದು ಮನೆಯಲ್ಲಿ ಉಂಡಳು, ಇನ್ನೊಂದರಲ್ಲಿ ಮಲಗಿದಳು. ಅದು ಅವರ ಪದ್ಧತಿ. ಹೊತ್ತು ಮುಳುಗುವಾಗ ಹಾಡಿಯ ಹಿರಿಯಜ್ಜಿ ಅಂಗಳದಲ್ಲಿ ನಿಂತು ಅವಳ ಹೆಸರು ಕೂಗುತ್ತಿದ್ದಳು. ಹುಡುಗಿ ತಾನಿದ್ದ ಮನೆಯಿಂದ 'ಓ' ಎನ್ನುತ್ತಿದ್ದಳು. ಓ ಬರುವವರೆಗೆ ಯಾರೂ ಉಣ್ಣುತ್ತಿರಲಿಲ್ಲ, ಬಾಗಿಲು ಹಾಕುತ್ತಿರಲಿಲ್ಲ.

ಒಬ್ಬ ಅಧಿಕಾರಿ ಬಂದ. "ಈ ಮಗು ಯಾರದು?" ಎಂದು ಮನೆಮನೆಯಲ್ಲೂ ಕೇಳಿದ.

"ನಮ್ಮದು" ಎಂದರು ಒಂಬತ್ತು ಮನೆಯವರೂ.

"ಒಬ್ಬರ ಹೆಸರು ಹೇಳಿ."

ಅಜ್ಜಿ ನಕ್ಕಳು. "ಕೂತು ಬರಿ ಸ್ವಾಮಿ. ಒಂಬತ್ತು ಮನೆ ಹೆಸರು ನಿಂತು ಬರೆದರೆ ಕೈ ನೋಯುತ್ತದೆ."

ಅವನು ಕೂರಲಿಲ್ಲ. ಒಂದು ಸಂಜೆ ಅಲ್ಲಿ ಉಳಿದಿದ್ದರೆ ಆ ಕೂಗು ಕೇಳುತ್ತಿತ್ತು. ಉಳಿಯಲಿಲ್ಲ. ಎಲ್ಲರೂ ತಮ್ಮದೆನ್ನುವ ಮಗು ಯಾರದೂ ಅಲ್ಲ ಎಂದುಕೊಂಡ. ದಿಕ್ಕಿಲ್ಲದ ಮಗು ಎಂದು ಬರೆದ. ಜೀಪು ಹತ್ತಿಸಿದ.

ಬಾಲಮಂದಿರದಲ್ಲಿ ಕೇತಿ ದಿನವೂ ಸಂಜೆ ಎದ್ದು 'ಓ' ಎಂದಳು. ಬೈದರು. ಬಾಯಿ ಮುಚ್ಚಿ ಹಿಡಿದರು. ಮಾತ್ರೆ ನುಂಗಿಸಿದರು. ಒಂದು ವರ್ಷ ಹೀಗೇ ನಡೆಯಿತು. ಒಂದು ಸಂಜೆ ಅವಳು ಏಳಲಿಲ್ಲ, ಓ ಎನ್ನಲಿಲ್ಲ. ಗುಣವಾಯಿತು ಎಂದು ಬರೆದುಕೊಂಡರು.

ಆ ಒಂದು ವರ್ಷ ಹಾಡಿಯಲ್ಲಿ ಬಾಗಿಲು ಹಾಕಿರಲಿಲ್ಲ. ಓ ಬರಲಿಲ್ಲವೆಂದು ಸಂಜೆಯ ಊಟವನ್ನೇ ಬಿಟ್ಟಿದ್ದರು. ಅವಳು ಏಳದ ಆ ಸಂಜೆ ಅಜ್ಜಿ ಎಂದಿನಂತೆ ಕೂಗಿದಳು.

ಖಾಲಿ ಗುಡಿಸಲಿನಿಂದ 'ಓ' ಎಂದು ಕೇಳಿಸಿತು.

ಕೇತಿಯದೇ ದನಿ. ಯಾರೂ ಒಳಗೆ ಹೋಗಿ ನೋಡಲಿಲ್ಲ. ಉಂಡರು. ಬಾಗಿಲು ಹಾಕಿಕೊಂಡರು. ಅಂದಿನಿಂದ ಯಾವ ಸಂಜೆಯೂ ಆ ದನಿ ತಪ್ಪಲಿಲ್ಲ.

ಹದಿಮೂರು ವರ್ಷ ಕಳೆದ ಮೇಲೆ ಕೇತಿ ದಾರಿ ಕೇಳಿಕೊಂಡು ಹಾಡಿಗೆ ಬಂದಳು. ಹೊತ್ತು ಮುಳುಗುತ್ತಿತ್ತು. ಅಜ್ಜಿ ಅಂಗಳದಲ್ಲಿ ನಿಂತು ಕೂಗಿದಳು. ಕೇತಿ ಬಾಯಿ ತೆರೆದಳು. ಅವಳ ಗಂಟಲಿನಿಂದ ದನಿ ಹೊರಡುವ ಮೊದಲೇ ಖಾಲಿ ಗುಡಿಸಲಿನಿಂದ 'ಓ' ಬಂತು. ಏಳು ವರ್ಷದ ಹುಡುಗಿಯ ದನಿ. ಅವಳದೇ ದನಿ.

ಬಾಗಿಲುಗಳು ಒಂದೊಂದಾಗಿ ಮುಚ್ಚಿದವು.

"ಅಜ್ಜೀ, ನಾನು ಕೇತಿ" ಎಂದಳು ಅವಳು.

ಅಜ್ಜಿ ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. "ಇರಬಹುದು ತಾಯಿ. ಆದರೆ ನಮ್ಮ ಹುಡುಗಿ ಆಗಲೇ ಓಗೊಟ್ಟಳಲ್ಲ. ನೀವೂ ಹೊರಡಿ, ಕತ್ತಲಾಗುತ್ತಿದೆ. ನಿಮ್ಮವರು ನಿಮ್ಮನ್ನು ಕರೆಯುತ್ತಿರುತ್ತಾರೆ."

ಕೇತಿ ಕಿವಿಗೊಟ್ಟು ನಿಂತಳು. ಅವಳನ್ನು ಯಾರೂ ಕರೆಯುತ್ತಿರಲಿಲ್ಲ.

ಗುರು ಕತೆ ನಿಲ್ಲಿಸಿದ.

ಶಿಷ್ಯನ ಮುಖ ಬಿಳಿಚಿತ್ತು. "ಗುರುಗಳೇ, ಈಗ ಅವಳನ್ನು ಹಿಂದಕ್ಕೆ ಕಳಿಸಬೇಕೆಂದರೆ ಮೇಲಿನವರ ಅಪ್ಪಣೆ ಬೇಕು. ಎಂಟು ದಿನವಾದರೂ ಹಿಡಿಯುತ್ತದೆ."

"ತರುವಾಗ ಹಾಡಿಯ ಅಪ್ಪಣೆಗೆ ಎಷ್ಟು ದಿನ ಕಾದೆ?"

ಶಿಷ್ಯ ಬಾಗಿಲಾಚೆಯ ಬಿಸಿಲನ್ನು ನೋಡಿದ.

ಗುರು ಹೇಳಿದ: "ನಿನ್ನ ಹುಡುಗಿ ಇನ್ನೂ ಓಗೊಡುತ್ತಿದ್ದಾಳೆ. ಎದ್ದೇಳು, ಇವತ್ತು ಹೊತ್ತು ಮುಳುಗುವುದರೊಳಗೆ ಅವಳನ್ನು ಅವಳ ಹಾಡಿಯ ಅಂಗಳದಲ್ಲಿ ನಿಲ್ಲಿಸು."